ಗೇರ್ ಲಿವರ್‌ನ ಬುಡ ನೋಡಿ, ನಾಬನ್ನಲ್ಲ

ಮಾನ್ಯರೇ,

ಹಳೆಯ ಕಾರುಗಳನ್ನು ರೆಸ್ಟೋರ್ ಮಾಡುವವರು ಬಣ್ಣ, ಕ್ರೋಮ್, ಸೀಟುಗಳಿಗೆ ತೋರುವ ಶ್ರದ್ಧೆಯಲ್ಲಿ ಕಾಲುಭಾಗವನ್ನಾದರೂ ಗೇರ್ ಲಿವರ್‌ನ ಬುಡಕ್ಕೆ ತೋರಿಸಬೇಕು. ಮೈಯೆಲ್ಲ ಥಳಥಳಿಸುವ ಕಾರಿನ ಲಿವರ್ ಹಿಡಿದರೆ ಕೆಸರಿನಲ್ಲಿ ನೆಟ್ಟ ಕೋಲಿನಂತೆ ಓಲಾಡುತ್ತದೆ. ಆಗ ಎಲ್ಲರಿಗೂ ನೆನಪಾಗುವುದು ಲಿವರ್‌ನ ಓಡಾಟ ಕುಗ್ಗಿಸುವ ಶಾರ್ಟ್ ಶಿಫ್ಟರ್ ಕಿಟ್, ಇಲ್ಲವೇ ಲಿವರ್‌ನ ತುದಿಗೆ ಭಾರದ ನಾಬ್ (ಹಿಡಿ). ಎರಡೂ ಮೂಲಕ್ಕೆ ಮದ್ದಲ್ಲ.

ಲೆಕ್ಕ ನೋಡಿ. ಲಿವರ್ ತನ್ನ ಪಿವಟ್‌ನಿಂದ (ತಿರುಗುವ ಬಿಂದು) ಮೇಲೆ 240 ಮಿ.ಮೀ., ಕೆಳಗೆ 40 ಮಿ.ಮೀ. ಇದ್ದರೆ ಅನುಪಾತ 6:1. ಕೆಳತುದಿಯ ಬುಷ್‌ನಲ್ಲಿ (ಪಿನ್ನಿನ ಸುತ್ತ ಕೂರುವ ಬಳೆ) 1 ಮಿ.ಮೀ. ಪ್ಲೇ, ಅಂದರೆ ಸಡಿಲು, ಇದ್ದರೆ ಕೈಗೆ ಅದು 6 ಮಿ.ಮೀ. ಕಿಟ್ ಹಾಕಿ ಕೆಳಭಾಗವನ್ನು 50 ಮಿ.ಮೀ. ಮಾಡಿದರೆ 120 ಮಿ.ಮೀ. ಇದ್ದ ನಾಬ್‌ನ ಓಡಾಟ 96ಕ್ಕೆ ಇಳಿಯುತ್ತದೆ, ಪ್ಲೇ 4.8ಕ್ಕೆ. ಅಂದರೆ ಓಡಾಟದಲ್ಲಿ ಸಡಿಲಿನ ಪಾಲು ಮೊದಲೂ ಶೇ 5, ಆಮೇಲೂ ಶೇ 5. ಮೇಲಾಗಿ ತಳ್ಳಲು ಶೇ 25ರಷ್ಟು ಹೆಚ್ಚು ಬಲ ಬೇಕು. ಅವಸರದ ಕೈಯಲ್ಲಿ ಆ ಹೊರೆ ಬೀಳುವುದು ಗೇರ್ ಬೀಳುವ ಮುನ್ನ ವೇಗ ಹೊಂದಿಸುವ, ಮೊದಲೇ ಸವೆದ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳ ಮೇಲೆ.

ಮೊದಲು ಎಂಜಿನ್ ಆರಿಸಿ ಎಲ್ಲ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಹೈಡ್ರಾಲಿಕ್ ಲೈನ್‌ನಲ್ಲಿ ಗಾಳಿ ಇರಬಹುದು, ಕೇಬಲ್ ಸಡಿಲವಿರಬಹುದು. ಲಿವರ್ ಓಲಾಡುವುದೇ ತೊಂದರೆಯಾದರೆ ಕಾರನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಒಬ್ಬರು ಲಿವರ್ ಅಲುಗಿಸುತ್ತಿರಲಿ, ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಜಾಯಿಂಟ್‌ನ ಮೇಲೆ ಬೆರಳಿಡಲಿ. ಪಿನ್ ಅಲುಗಿದರೂ ರಾಡ್ ಸುಮ್ಮನಿದ್ದರೆ ಕಳ್ಳ ಸಿಕ್ಕಂತೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಲಿವರನ್ನು ಗೇರ್‌ಬಾಕ್ಸ್‌ಗೆ ಸೇರಿಸುವ ಶಿಫ್ಟ್ ರಾಡ್‌ನ ಕಪ್ಲರ್ (ಜೋಡಣೆ) ಹಿಂದಿನ ಸೀಟಿನಡಿಯ ಮುಚ್ಚಳದೊಳಗಿದೆ, ನೈಲಾನ್ ಬುಷ್ ಕಾರಿನ ನೆಲದ ನಡುವಿನ ಟನೆಲ್‌ನ ಮುಂಭಾಗದಲ್ಲಿದೆ; ಎರಡನ್ನೂ ನೋಡಬೇಕು.

ಹೊಸ ಬುಷ್ ಹಾಕಿ ಹಳೆಯ ಪಿನ್ ಬಿಡುವುದು ಎಲ್ಲರೂ ಮಾಡುವ ತಪ್ಪು. ಪಿನ್ನಿನ ವ್ಯಾಸವನ್ನು ಮೈಕ್ರೋಮೀಟರ್‌ನಲ್ಲಿ ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ಅಳೆಯಿರಿ. 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದನ್ನೂ ಬದಲಿಸಿ, ಇಲ್ಲವಾದರೆ ಆ ಮೊಟ್ಟೆಯಾಕಾರದ ಪಿನ್ ಹೊಸ ಬುಷ್ಷನ್ನೂ ತಿಂದು ಹಾಕುತ್ತದೆ. ತೂತೇ ಅಗಲವಾಗಿದ್ದರೆ ರೀಮ್ ಮಾಡಿ (ಗುಂಡಗೆ ಕೊರೆದು ಸಮಮಾಡಿ) ಒಳಗೆ ಸ್ಲೀವ್ ಎಂಬ ಕೊಳವೆ ಹಾಕಿಸಿ. ನೈಲಾನ್ ಬುಷ್ಷನ್ನು ಸುತ್ತಿಗೆಯಿಂದ ಬಡಿಯಬೇಡಿ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ವೈಸ್‌ನಲ್ಲಿ ಒತ್ತಿದರೆ ಕೂರುತ್ತದೆ. ಎಲ್ಲ ಕಡೆಗೂ ಹಿತ್ತಾಳೆ ಬುಷ್ ಹಾಕುವ ಹುಮ್ಮಸ್ಸು ಬೇಡ, ಗೇರ್‌ಬಾಕ್ಸ್‌ನ ಗುಂಯ್‌ಗುಡುವಿಕೆಯೆಲ್ಲ ಅಂಗೈಗೆ ಬರುತ್ತದೆ. ಹಾಗೆಯೇ ರಬ್ಬರ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಕಾರಿನ ಕೈಪಿಡಿಯದ್ದೇ ಕೊನೆಯ ಮಾತು. ಗೇರ್ ಆಯಿಲ್‌ನ ದರ್ಜೆ ಜಿಎಲ್-4 ಎಂದಿರುವಲ್ಲಿ ಜಿಎಲ್-5 ಸುರಿದರೆ ಅದರ ಗಂಧಕಯುಕ್ತ ಸೇರ್ಪಡೆಗಳು ಹಿತ್ತಾಳೆಯನ್ನು ಕೊರೆಯಬಹುದು, ಜಾರುಗುಣ ಹೆಚ್ಚಾಗಿ ಸಿಂಕ್ರೊ ಕಚ್ಚದೆಯೂ ಹೋಗಬಹುದು. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಂಥವುಗಳ ಗೇರ್‌ಬಾಕ್ಸ್‌ಗೆ ಸಾಮಾನ್ಯವಾಗಿ ಬೇಕಿರುವುದು 20ಡಬ್ಲ್ಯೂ-50 ಎಂಜಿನ್ ಆಯಿಲ್.

ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಗೇರನ್ನು ಅದರ ಜಾಗದಲ್ಲಿ ಹಿಡಿದಿಡುವ ಡಿಟೆಂಟ್ ಸ್ಪ್ರಿಂಗನ್ನು ದೂರುವ ಮುನ್ನ ಎಂಜಿನ್, ಗೇರ್‌ಬಾಕ್ಸ್ ಕೂರುವ ಮೌಂಟ್ ಕುಸಿದಿದೆಯೇ ನೋಡಿ. ಹೊಸದಾಗಿ ಹಾಸಿದ ದಪ್ಪ ಕಾರ್ಪೆಟ್ ಮತ್ತು ಬಿಗಿಯಾದ ಗೇಟರ್ (ಲಿವರ್‌ನ ಬುಡದ ಹೊದಿಕೆ) ಕೂಡ ಲಿವರನ್ನು ಹಿಂದಕ್ಕೆ ನೂಕುತ್ತವೆ. ಗೇಟರ್‌ನ ಸ್ಕ್ರೂ ಬಿಗಿಯುವ ಮುನ್ನ ರಿವರ್ಸ್ ಸೇರಿ ಎಲ್ಲ ಗೇರ್ ಹಾಕಿ, ಪ್ರತಿ ಬಾರಿ ಲಿವರ್‌ನ ಸುತ್ತ ಬೆರಳು ತೂರುವಷ್ಟು ಜಾಗ ಉಳಿದಿದೆಯೇ ನೋಡಿ.

– ಒಬ್ಬ ಓದುಗ