‘ಆದ್ರೂ…’ ಎಂಬ ಸುತ್ತೋಲೆ

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಯ ಶಿಕ್ಷಕಿಯರು ಚೂಡಿದಾರ್ ಹಾಕಿಕೊಂಡು ಬರುತ್ತಿರುವುದರಿಂದ ಮಕ್ಕಳಿಗೆ ಗುರುಗಳ ಮೇಲೆ ಗೌರವ ಕಡಿಮೆಯಾಗುತ್ತಿದೆ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬೇಸರ ಮಾಡಿಕೊಂಡಿದ್ದರು. ಮೇಷ್ಟ್ರುಗಳು ಪಂಚೆ, ಕೋಟು, ರುಮಾಲು ಬಿಟ್ಟು ಪ್ಯಾಂಟಿಗೆ ಬಂದು ಎಷ್ಟೋ ಕಾಲವಾಯಿತು. ಆಗ ಎಷ್ಟು ಗೌರವ ಇಳಿಯಿತು ಅನ್ನುವುದನ್ನು ಅವರು ಬರೆದಿರಲಿಲ್ಲ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಲಿ-ಕಲಿ ಶಿಕ್ಷಕಿ. ವಯಸ್ಸು 51. ನಲಿ-ಕಲಿ ಅಂದರೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಇಲ್ಲಿ ಟೀಚರ್ ಕುರ್ಚಿಯಲ್ಲಿ ಕೂತರೆ ಕೆಲಸ ನಡೆಯುವುದಿಲ್ಲ. ಗುಂಪಿನಿಂದ ಗುಂಪಿಗೆ ಹೋಗಿ ಮಕ್ಕಳ ಪಕ್ಕ ನೆಲದ ಮೇಲೆ ಕೂರಬೇಕು, ಏಳಬೇಕು, ಮತ್ತೆ ಕೂರಬೇಕು. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರಕ್ಕೆ ಕೈ ಎತ್ತಿ ಮಕ್ಕಳ ಚಿತ್ರ ತೂಗು ಹಾಕಬೇಕು. ಹಾಡು ಬಂದರೆ ಕುಣಿಯಲೂ ಬೇಕು. ಒಂದು ದಿನ ಸುಮ್ನೆ ಲೆಕ್ಕ ಇಟ್ಟೆ. ಬಿಸಿಯೂಟದ ಹೊತ್ತಿಗೆ 31 ಸಲ ಕೂತು ಎದ್ದಿದ್ದೆ. ಅಷ್ಟರಲ್ಲಿ ನೆರಿಗೆ ಎರಡು ಸಲ ಬಿಚ್ಚಿಕೊಂಡಿತ್ತು, ಸೆರಗಿನ ಪಿನ್ನು ಭುಜಕ್ಕೆ ಚುಚ್ಚಿತ್ತು.

ಸೀರೆ ಮೇಲೆ ನನಗೆ ಕೋಪವಿಲ್ಲ. ಬೀರುವಿನಲ್ಲಿ ಇಳಕಲ್ ಸೀರೆಗಳೇ ಆರಿವೆ. ಆದರೆ ಮೂರು ವರ್ಷದ ಹಿಂದೆ ಯಜಮಾನರ ಬೈಕಿನ ಹಿಂದೆ ಕೂತು ಶಾಲೆಗೆ ಬರುವಾಗ ಸೆರಗು ಚಕ್ರಕ್ಕೆ ಸಿಕ್ಕಿಕೊಂಡಿತು. ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ತಡೆ ಇರಬೇಕು ಎಂದು 1989ರ ಮೋಟಾರು ವಾಹನ ನಿಯಮದಲ್ಲೇ ಇದೆ. ಸೀರೆ ಗಾರ್ಡ್ ಅಂತೀವಲ್ಲ, ಅದೇ. ಗಾಡಿ ಚೆನ್ನಾಗಿ ಕಾಣಲ್ಲ ಅಂತ ನಮ್ಮ ಮಗ ಅದನ್ನು ಬಿಚ್ಚಿಸಿ ಅಟ್ಟಕ್ಕೆ ಎಸೆದಿದ್ದ. ಬೈಕಿನ ಅಂದದ ಬಗ್ಗೆ ಊರಲ್ಲಿ ಯಾರೂ ತಕರಾರು ಎತ್ತಲಿಲ್ಲ ಅನ್ನಿ. ಮೊಣಕಾಲಿನ ಗಾಯ ಮಾಯ್ದ ಮೇಲೆ ನಾನು ಚೂಡಿದಾರ್ ಹಾಕಿಕೊಂಡು ಶಾಲೆಗೆ ಹೋದೆ.

ಗೇಟಿನ ಹತ್ತಿರವೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೊಬ್ಬರು ಸಿಕ್ಕರು. ‘ಏನ್ ಮೇಡಂ, ಇವತ್ತು ಟ್ರಿಪ್ಪಾ?’ ಅಂದರು. ಮುಖ್ಯ ಶಿಕ್ಷಕರು ಮಧ್ಯಾಹ್ನದವರೆಗೆ ಸುಮ್ಮನಿದ್ದು ಆಮೇಲೆ ಕರೆದರು. ‘ಸೀರೆ ಇದ್ರೆ ಒಂದು ಕಳೆ ಮೇಡಂ.’ ಆದೇಶ ಏನಾದರೂ ಬಂದಿದೆಯಾ ಸರ್, ಪ್ರತಿ ತೋರಿಸಿ, ಅಂದೆ. ‘ಆದೇಶ ಅಂತ ಏನಿಲ್ಲ, ಆದ್ರೂ…’ ಅಂದರು.

ಈ ‘ಆದ್ರೂ’ ಬಗ್ಗೆಯೇ ನಾನು ಬರೆಯಲು ಕೂತದ್ದು. ಕಾಗದದ ಮೇಲಿನ ಸುತ್ತೋಲೆಗೆ ನಂಬರು, ದಿನಾಂಕ, ಸಹಿ ಇರುತ್ತದೆ. ತಪ್ಪಿದ್ದರೆ ಅರ್ಜಿ ಹಾಕಬಹುದು. ಕೇರಳದಲ್ಲಿ 2021ರಲ್ಲಿ ಹಾಗೇ ಆಯಿತು. ಶಿಕ್ಷಕಿಯರ ಮೇಲೆ ಸೀರೆಯನ್ನೇ ಹೇರುವಂತಿಲ್ಲ ಎಂದು ಅಲ್ಲಿನ ಉನ್ನತ ಶಿಕ್ಷಣ ಇಲಾಖೆ ಬರೆದುಕೊಟ್ಟಿತು. ಆಗಿನ ಸಚಿವೆ ಆರ್. ಬಿಂದು ಸ್ವತಃ ಕಾಲೇಜಿನಲ್ಲಿ ಪಾಠ ಮಾಡಿದವರು. ನಮ್ಮ ಪೊಲೀಸ್ ಇಲಾಖೆಯಲ್ಲಿ 2018ರಲ್ಲಿ, ನೀಲಮಣಿ ರಾಜು ಅವರು ಡಿಜಿಪಿ ಆಗಿದ್ದಾಗ, ಡ್ಯೂಟಿಯಲ್ಲಿ ಸೀರೆ ಬೇಡ, ಖಾಕಿ ಪ್ಯಾಂಟು-ಶರ್ಟು ಹಾಕಿ ಎಂದು ಮಹಿಳಾ ಸಿಬ್ಬಂದಿಗೆ ಸುತ್ತೋಲೆ ಬಂತು. ಅದರಿಂದ ಕಳ್ಳರಿಗೆ ಪೊಲೀಸರ ಮೇಲಿನ ಗೌರವ ಕಡಿಮೆ ಆಯಿತು ಅಂತ ಎಲ್ಲೂ ಕೇಳಿಲ್ಲ. ಆದರೆ ‘ಆದ್ರೂ’ಗೆ ನಂಬರೂ ಇಲ್ಲ, ಸಹಿಯೂ ಇಲ್ಲ. ಅರ್ಜಿ ಯಾರಿಗೆ ಹಾಕುವುದು?

2014ರ ಸೆಪ್ಟೆಂಬರಿನಲ್ಲಿ ಮಂಗಳಯಾನ ಕಕ್ಷೆ ಸೇರಿದ ದಿನ ಇಸ್ರೋದ ಮಹಿಳೆಯರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ನಗುತ್ತಿದ್ದ ಫೋಟೊ ನೆನಪಿದೆಯಲ್ಲ? ನನಗೂ ಬಹಳ ಇಷ್ಟವಾದ ಫೋಟೊ ಅದು. ನಮ್ಮ ಸ್ಟಾಫ್ ರೂಮಿಗೆ ಮಾತ್ರ ಅದು ಬೈಗುಳವಾಗಿ ಬಂತು. ‘ನೋಡಿ, ರಾಕೆಟ್ ಹಾರಿಸೋರೇ ಸೀರೆ ಉಟ್ಟಿದ್ದಾರೆ.’ ಅವರು ಅದನ್ನು ಇಷ್ಟಪಟ್ಟೇ ಉಟ್ಟಿರಬಹುದು ಅನ್ನುವುದು ಹಾಗೆ ಬೈದವರಿಗೆ ಹೊಳೆಯಲಿಲ್ಲ.

ಬಟ್ಟೆಯದು ಹೇಗೋ ಹಳೆಯದಾಯಿತು. ಈಗ ಕೂದಲು. ಹತ್ತು ವರ್ಷ ಕಪ್ಪು ಬಣ್ಣ ಹಚ್ಚಿದೆ. ಕೊನೆಕೊನೆಗೆ ಹಚ್ಚಿದ ಮಾರನೇ ದಿನ ಹಣೆ, ಕಿವಿಯ ಹಿಂದೆಲ್ಲ ಉರಿ, ಕೆರೆತ. ಒಂದು ಸಲವಂತೂ ಕಣ್ಣು ಬಿಡಲಾಗದಷ್ಟು ಮುಖ ಊದಿತು. ಬಣ್ಣದಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ನಿಮಗೆ ಒಗ್ಗುತ್ತಿಲ್ಲ, ಇನ್ನು ಮುಟ್ಟಬೇಡಿ ಎಂದರು ಚರ್ಮದ ಡಾಕ್ಟರು. ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿ ಎಂದು ಪ್ಯಾಕೆಟ್ಟಿನ ಮೇಲೇ ಸಣ್ಣ ಅಕ್ಷರದಲ್ಲಿ ಇರುತ್ತದಂತೆ. ನಾಳೆ ಮದುವೆಗೆ ಹೊರಟವರು ಯಾರು 48 ಗಂಟೆ ಕಾಯುತ್ತಾರೆ?

ಬಿಟ್ಟೆ. ಬೇರಿನ ಕಡೆ ಬಿಳಿ, ತುದಿಯಲ್ಲಿ ಕಪ್ಪು, ನಡುವೆ ತುಕ್ಕಿನ ಬಣ್ಣ. ಆ ಎಂಟು ತಿಂಗಳಲ್ಲಿ ನನಗೆ ಸಿಕ್ಕಷ್ಟು ಸಲಹೆ ಹೆರಿಗೆಯ ಹೊತ್ತಿನಲ್ಲೂ ಸಿಕ್ಕಿರಲಿಲ್ಲ. ‘ಮೇಡಂ, ಹುಷಾರಿಲ್ವಾ?’ ‘ಮನೇಲಿ ಏನಾದ್ರೂ ತೊಂದ್ರೆನಾ?’ ಓರಗಿತ್ತಿಯಂತೂ ನೇರವಾಗಿ ಕೇಳಿದಳು, ‘ಅಕ್ಕ, ಮಗಳಿಗೆ ಗಂಡು ನೋಡ್ತಿದೀರ, ಬಂದೋರು ನಿಮ್ಮನ್ನ ಅಜ್ಜಿ ಅಂದ್ಕೊಳಲ್ವಾ?’ ಪಕ್ಕದಲ್ಲೇ ಯಜಮಾನರು ಕಾಫಿ ಕುಡಿಯುತ್ತಿದ್ದರು. ಅವರ ತಲೆ ನನಗಿಂತ ಐದು ವರ್ಷ ಮುಂಚೆ ಪೂರ್ತಿ ಬೆಳ್ಳಗಾಗಿದೆ. ಅವರನ್ನು ಅಜ್ಜ ಅಂದುಕೊಳ್ಳುತ್ತಾರೆ ಅನ್ನುವ ಚಿಂತೆ ಅವಳಿಗಿರಲಿಲ್ಲ.

ದೊಡ್ಡ ಜಾಗಗಳಲ್ಲೂ ಇದೇ ಕತೆ. ಕೆನಡಾದ ಸಿಟಿವಿ ಚಾನೆಲ್ಲಿನಲ್ಲಿ 35 ವರ್ಷ ದುಡಿದ ಲೀಸಾ ಲಾಫ್ಲಾಮ್ ಕೊರೊನಾ ಕಾಲದಲ್ಲಿ ಬಣ್ಣ ಬಿಟ್ಟು ಬೆಳ್ಳಿ ಕೂದಲಲ್ಲೇ ಸುದ್ದಿ ಓದಿದರು. 2022ರಲ್ಲಿ ಅವರನ್ನು ಕೈಬಿಟ್ಟರು. ಕೂದಲಿಗೂ ಇದಕ್ಕೂ ಸಂಬಂಧವಿಲ್ಲ ಎಂದಿತು ಕಂಪನಿ. ಜನ ನಂಬಲಿಲ್ಲ. ಅದೇ ವರ್ಷ ಏರ್ ಇಂಡಿಯಾ ತನ್ನ ವಿಮಾನ ಸಿಬ್ಬಂದಿಗೆ ಬಿಳಿ ಕೂದಲು ಕಾಣಬಾರದು, ಬಣ್ಣ ಹಚ್ಚಿ ಎಂದಿತು. ಅರ್ಧ ಬೋಳಾದ ಗಂಡಸರು ಪೂರ್ತಿ ಬೋಳಿಸಿಕೊಂಡೇ ಬರಬೇಕು ಅಂತಲೂ ಸೇರಿಸಿತ್ತು. ಗಂಡಸರ ತಲೆಗೂ ಕೈ ಹಾಕಿದ್ದು ನೋಡಿ, ಒಂದು ಕ್ಷಣ, ತಪ್ಪು ಅಂತ ಗೊತ್ತಿದ್ದೂ, ನನಗೆ ನಗು ಬಂತು.

ನಮ್ಮ ಶಾಲೆಯಲ್ಲಿ ನನ್ನ ತಲೆಯನ್ನು ಸರಿಯಾಗಿ ನೋಡಿದ್ದು ಒಂದನೇ ತರಗತಿಯ ಹುಡುಗಿ. ನೆಲದ ಮೇಲೆ ಕೂತು ಅವಳ ಸ್ಲೇಟು ತಿದ್ದುತ್ತಿದ್ದೆ. ‘ಮಿಸ್, ಚಾಕ್‌ಪೀಸ್ ಪುಡಿ’ ಎಂದು ಬೈತಲೆಯ ಮೇಲೆ ಎರಡು ಸಲ ಒರೆಸಿದಳು. ಹೋಗಲಿಲ್ಲ. ‘ಅಂಟ್ಕೊಂಡಿದೆ’ ಎಂದು ತನ್ನ ಲೆಕ್ಕಕ್ಕೆ ವಾಪಸಾದಳು.

ಇಷ್ಟೆಲ್ಲ ಬರೆದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ಈ ವರ್ಷ ನಮ್ಮಲ್ಲಿಗೆ ಅತಿಥಿ ಶಿಕ್ಷಕರೊಬ್ಬರು ಬಂದಿದ್ದಾರೆ. 26ರ ಹುಡುಗ. ಭುಜದವರೆಗೆ ಕೂದಲು ಬಿಟ್ಟು ರಬ್ಬರ್ ಬ್ಯಾಂಡ್ ಹಾಕುತ್ತಾನೆ. ಗಣಿತ ಚೆನ್ನಾಗಿ ಹೇಳಿಕೊಡುತ್ತಾನೆ. ಎರಡನೇ ವಾರವೇ ನಾನು ಕೇಳಿದೆ, ‘ಏನಪ್ಪ, ಕಟಿಂಗ್ ಮಾಡಿಸಲ್ವಾ? ಹರಕೆ ಗಿರಕೆ ಇದೆಯಾ?’

‘ಇಲ್ಲ ಮೇಡಂ. ಇಷ್ಟ, ಅಷ್ಟೇ.’

‘ಆದ್ರೂ…’ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬೆಲ್ ಹೊಡೆಯಿತು.

ಇತಿ,
ಒಬ್ಬ ಶಿಕ್ಷಕಿ, ಹಾಸನ ಜಿಲ್ಲೆ