ಎರಡನೇ ಸುತ್ತಿನ ಓಟು ದಂಡವಲ್ಲ

ಮಾನ್ಯ ಸಂಪಾದಕರೇ,

ಶಿಕಾಗೊ ಮೇಯರ್ ಚುನಾವಣೆಯ ಸುದ್ದಿ ಓದಿದ ಒಬ್ಬರು, ಒಬ್ಬ ಮೇಯರ್‌ಗಾಗಿ ಎರಡೆರಡು ಸಲ ಓಟು ಹಾಕಿಸುವುದು ದುಡ್ಡು ದಂಡ ಎಂದು ನಿಮ್ಮ ಪತ್ರಿಕೆಗೆ ಬರೆದಿದ್ದರು. ಆ ಎರಡೂ ಸಲ ಓಟು ಹಾಕಿದವಳು ನಾನು. ಬೆಂಗಳೂರಿನವಳು, ಈಗ ಶಿಕಾಗೊದಲ್ಲಿದ್ದೇನೆ. ಆ ಮಾತು ಒಪ್ಪಲು ಆಗಲಿಲ್ಲ, ಅದಕ್ಕೇ ಈ ಪತ್ರ.

2023ರ ಫೆಬ್ರುವರಿ 28ರಂದು ಬ್ಯಾಲೆಟ್ ಕೈಗೆ ಬಂದಾಗ ಒಂದು ಕ್ಷಣ ತಬ್ಬಿಬ್ಬಾದೆ. ಮೇಯರ್ ಸ್ಥಾನಕ್ಕೆ ಒಂಬತ್ತು ಹೆಸರು. ಪಕ್ಕದಲ್ಲಿ ಪಕ್ಷವಿಲ್ಲ, ಚಿಹ್ನೆಯೂ ಇಲ್ಲ. ಹಸ್ತ, ಕಮಲ, ತೆನೆ ಹೊತ್ತ ಮಹಿಳೆ ನೋಡಿ ಬಟನ್ ಒತ್ತಿದ ಅಭ್ಯಾಸ ನಂದು. ಇಲ್ಲಿ ಯಾರು ಏನು ಮಾಡಿದ್ದಾರೆ ಅಂತ ಮನೆಯಲ್ಲೇ ಓದಿಕೊಂಡು ಹೋಗಬೇಕು. ನಾನು ಚೂಯಿ ಗಾರ್ಸಿಯಾ ಅವರಿಗೆ ಹಾಕಿದೆ. ಅವರು ನಾಲ್ಕನೆಯವರಾದರು.

ಮೊದಲು ಬಂದ ಪಾಲ್ ವ್ಯಾಲಸ್ ಅವರಿಗೆ ಸಿಕ್ಕಿದ್ದು ಸುಮಾರು ಶೇ 33. ಬ್ರ್ಯಾಂಡನ್ ಜಾನ್ಸನ್ ಅವರಿಗೆ ಶೇ 22ರ ಹತ್ತಿರ. ಹಾಲಿ ಮೇಯರ್ ಲೋರಿ ಲೈಟ್‌ಫೂಟ್ ಮೂರನೇ ಸ್ಥಾನಕ್ಕಿಳಿದು ಮನೆಗೆ ಹೋದರು. ನಮ್ಮೂರಿನ ಲೆಕ್ಕವಾಗಿದ್ದರೆ ಅವತ್ತೇ ವ್ಯಾಲಸ್‌ಗೆ ಹಾರ ಬೀಳುತ್ತಿತ್ತು. ಆದರೆ ಮೂವರಲ್ಲಿ ಇಬ್ಬರು ಅವರನ್ನು ಬೇಡ ಅಂದಿದ್ದರು ಅಲ್ವಾ? ಅರ್ಧಕ್ಕಿಂತ ಜಾಸ್ತಿ ಓಟು ಸಿಗದಿದ್ದರೆ ಮೊದಲ ಇಬ್ಬರೇ ಮತ್ತೆ ಜನರ ಮುಂದೆ ಬರಬೇಕು ಅನ್ನುವುದು ಇಲ್ಲಿಯ ನಿಯಮ.

ಆಮೇಲಿನ ಐದು ವಾರವನ್ನು ದಂಡ ಅನ್ನುವವರು ಬಂದು ನೋಡಬೇಕಿತ್ತು. ಅಲ್ಲಿಯವರೆಗೆ ಒಂಬತ್ತು ಜನರ ಗದ್ದಲದಲ್ಲಿ ಯಾರ ಮಾತೂ ಸರಿಯಾಗಿ ಕೇಳಿಸಿರಲಿಲ್ಲ. ಈಗ ಇಬ್ಬರೇ. ಇಬ್ಬರೂ ಡೆಮಾಕ್ರಟ್, ಅಂದರೆ ಅಮೆರಿಕದ ಎರಡು ದೊಡ್ಡ ಪಕ್ಷಗಳಲ್ಲಿ ಒಂದರವರು ಎಂದೇ ಹೇಳಿಕೊಂಡವರು, ಹಾಗಾಗಿ ಪಕ್ಷದ ಹೆಸರಿನ ಹಿಂದೆ ಅಡಗುವ ಹಾಗಿಲ್ಲ. ವ್ಯಾಲಸ್ ಹಿಂದೆ ನಗರದ ಶಾಲೆಗಳ ಆಡಳಿತ ನಡೆಸಿದವರು, ಪೊಲೀಸರ ಸಂಘ ಅವರ ಕಡೆ. ಜಾನ್ಸನ್ ಶಾಲಾ ಮೇಷ್ಟ್ರಾಗಿದ್ದವರು, ಶಿಕ್ಷಕರ ಸಂಘ ಅವರ ಕಡೆ. ಪೊಲೀಸ್ ಜಾಸ್ತಿ ಬೇಕಾ, ಶಾಲೆಗೆ, ಯುವಕರ ಕೆಲಸಕ್ಕೆ ದುಡ್ಡು ಬೇಕಾ ಅಂತ ಊಟದ ಹೊತ್ತಲ್ಲಿ ನಮ್ಮ ಮನೆಯಲ್ಲೂ ವಾದವಾಯಿತು. ಸಾರು ಆರಿಹೋಗಿ ಮತ್ತೆ ಬಿಸಿ ಮಾಡಿದೆ. ನಮ್ಮಂಥ ಸೋತವರ ಕಡೆಯವರ ಬಾಗಿಲನ್ನು ಎರಡೂ ಪಾಳಯದವರು ಬಂದು ತಟ್ಟಿದರು. ಮೊದಲ ಸುತ್ತಿನಲ್ಲಿ ಒಬ್ಬರೂ ಬಂದಿರಲಿಲ್ಲ.

ಏಪ್ರಿಲ್ 4ರಂದು ಎರಡನೆಯವರಾಗಿದ್ದ ಜಾನ್ಸನ್ ಸುಮಾರು ಶೇ 52 ಓಟು ಪಡೆದು ಗೆದ್ದರು. ಅಂತರ ಬರೀ 26 ಸಾವಿರ ಚಿಲ್ಲರೆ.

ಈ ಪದ್ಧತಿಯ ಹುಟ್ಟಿನ ಬಗ್ಗೆ ಅನುಮಾನ ಇಟ್ಟುಕೊಂಡವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ ಗೆದ್ದದ್ದು ಇಬ್ಬರು ಬಿಳಿಯ ಎದುರಾಳಿಗಳ ನಡುವೆ ಓಟು ಹಂಚಿಹೋಗಿದ್ದರಿಂದ. ಆಮೇಲೆ ಮುಖ್ಯ ಚುನಾವಣೆಯನ್ನೂ ಅವರು ಗೆದ್ದರು, ಹಾಗೆ ಶಿಕಾಗೊಗೆ ಮೊದಲ ಕಪ್ಪು ಮೇಯರ್ ಸಿಕ್ಕರು. ಅಂಥದ್ದು ಮತ್ತೆ ಆಗದಿರಲಿ ಅಂತಲೇ 1995ರಲ್ಲಿ ಈ ಎರಡನೇ ಸುತ್ತಿನ ಕಾನೂನು ತಂದರು ಎಂದು ಇವತ್ತಿಗೂ ಹೇಳುವವರಿದ್ದಾರೆ. ಆದರೆ 2019ರ ಎರಡನೇ ಸುತ್ತಿಗೆ ಬಂದ ಇಬ್ಬರೂ ಕಪ್ಪು ಮಹಿಳೆಯರು. ಈ ಸಲ ಜಾನ್ಸನ್. ಅವರೂ ಕಪ್ಪು ಸಮುದಾಯದವರೇ.

ನನಗೆ ನಿಜವಾಗಿ ಬೇಸರ ತಂದದ್ದು ಬೇರೆ. ನೋಂದಾಯಿಸಿಕೊಂಡ ನೂರರಲ್ಲಿ ನಲವತ್ತು ಜನರೂ ಬರಲಿಲ್ಲ, ಎರಡನೇ ಸಲವೂ. ಆ ಓದುಗರು ಇದರ ಬಗ್ಗೆ ಬರೆದಿದ್ದರೆ ನಾನೂ ದನಿಗೂಡಿಸುತ್ತಿದ್ದೆ.

ಬಸವನಗುಡಿಯಲ್ಲಿರುವ ನಮ್ಮಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಪಾಲಿಕೆ ಚುನಾವಣೆಗೆ ಕೊನೆಯ ಸಲ ಓಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆಗಲೂ ಮೇಯರ್ ಯಾರಾಗಬೇಕೆಂದು ಅವರನ್ನು ಯಾರೂ ಕೇಳಲಿಲ್ಲ, ಅದು ಕಾರ್ಪೊರೇಟರುಗಳು, ಶಾಸಕರು, ಸಂಸದರು ಸೇರಿ ಆರಿಸುತ್ತಿದ್ದ ಸ್ಥಾನ. 2020ರ ಸೆಪ್ಟೆಂಬರ್‌ನಲ್ಲಿ ಆ ಮೇಯರ್ ಅವಧಿಯೂ ಮುಗಿಯಿತು, 2023ರ ಏಪ್ರಿಲ್‌ವರೆಗೂ ಹೊಸ ಮೇಯರ್ ಬಂದಿರಲಿಲ್ಲ. ದಯವಿಟ್ಟು ನಿಮ್ಮ ಪತ್ರಿಕೆ ಬೆಂಗಳೂರಿಗೆ ಮೇಯರ್ ಯಾವಾಗ ಅಂತ ಬಿಡದೆ ಕೇಳುತ್ತಿರಲಿ.

ಇತಿ,
ಬೆಂಗಳೂರಿನ ಓದುಗಿ, ಶಿಕಾಗೊ
ಏಪ್ರಿಲ್ 2023