ಕಡೂರಿನ ಬಯಲಿಗೆ ಮರ ಬೇಡ, ಹುಲ್ಲು ಸಾಕು

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರು ಜಿಲ್ಲೆಯ ಪ್ರವಾಸದ ಬಗ್ಗೆ ಯಾರು ಬರೆದರೂ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಕಾಫಿ ತೋಟ, ಹೋಂ ಸ್ಟೇ. ಅಲ್ಲಿಗೆ ಮುಗೀತು. ಹಕ್ಕಿ ನೋಡುವವರೂ ಭದ್ರಾ ಕಾಡಿನ ಕಡೆಗೇ ಹೋಗುತ್ತಾರೆ. ಕಡೂರು, ಬೀರೂರು, ಅಜ್ಜಂಪುರ ಕೂಡ ಇದೇ ಜಿಲ್ಲೆಯಲ್ಲಿವೆ ಅಂತ ಜನಕ್ಕೆ ನೆನಪಾಗುವುದು ರೈಲು ಹತ್ತುವಾಗ ಮಾತ್ರ. ಹಾಸನ ಜಿಲ್ಲೆಯಲ್ಲಿ ಅರಸೀಕೆರೆಯದೂ ಇದೇ ಪಾಡು. ಮಳೆ ಇಲ್ಲ, ನೆರಳಿಲ್ಲ, ನೋಡೋಕೆ ಏನಿದೆ ಅಂತಾರೆ.

ಮಳೆಯೂ ನೆರಳೂ ಇಲ್ಲದ ಜಾಗಕ್ಕೆ ಜನ ದುಡ್ಡು ಕೊಟ್ಟು ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮಗಳು, ಅಳಿಯ ಜರ್ಮನಿಯಲ್ಲಿದ್ದಾರೆ. ಕಳೆದ ಚಳಿಗಾಲದಲ್ಲಿ ನಮ್ಮಿಬ್ಬರನ್ನೂ ಫುಯೆರ್ತೆವೆಂತುರಾ ಅನ್ನುವ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದರು. ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಇದೂ ಒಂದು. ಇರುವುದು ಮಾತ್ರ ಆಫ್ರಿಕಾದ ಮಗ್ಗುಲಲ್ಲಿ, ದಡದಿಂದ ಸುಮಾರು 100 ಕಿಲೋಮೀಟರ್ ದೂರ. ಮೋಡ, ಚಳಿ ಸಾಕಾದ ಯುರೋಪಿನವರು ಅಲ್ಲಿಗೆ ಬಿಸಿಲು ಕಾಯಿಸಿಕೊಳ್ಳಲು ಬರುತ್ತಾರೆ. ಅಳಿಯನಿಗೆ ಹಕ್ಕಿಗಳ ಹುಚ್ಚು. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿ ನನ್ನ ಹೆಂಡತಿ, "ಏನ್ರೀ, ಇಷ್ಟು ದುಡ್ಡು ಕೊಟ್ಟು ಯಗಟಿ ನೋಡೋಕೆ ಬಂದ್ವಾ?" ಅಂದಳು.

ನಿಜ ಹೇಳಬೇಕೆಂದರೆ ಅದು ನಮ್ಮ ತಾಲ್ಲೂಕಿನ ಯಗಟಿಗಿಂತ ಒಣ. ವರ್ಷಕ್ಕೆ ಬೀಳುವ ಮಳೆ ಕರಾವಳಿಯಲ್ಲಿ 100 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಬರಗಾಲದ ವರ್ಷವೂ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಕಲ್ಲು, ಕೆಂಪು ಮಣ್ಣು, ಮೊಣಕಾಲುದ್ದದ ಮುಳ್ಳುಪೊದೆ, ಮೇಕೆ, ಬಿಡದೆ ಬೀಸುವ ಗಾಳಿ. ಮೇಕೆ ಹಾಲಿನ ಚೀಸ್ ಅಲ್ಲಿ ಬಹಳ ಹೆಸರುವಾಸಿ. ನಾವು ಚಟ್ನಿಪುಡಿ ಜೊತೆ ತಿಂದೆವು, ಚೆನ್ನಾಗಿಯೇ ಇತ್ತು. ಈ ಇಡೀ ದ್ವೀಪವನ್ನು ಯುನೆಸ್ಕೊ 2009ರಲ್ಲಿ ಜೀವಗೋಳ ಮೀಸಲು ಅಂತ ಘೋಷಿಸಿದೆ. ಕಾಡಿದೆ ಅಂತಲ್ಲ. ಬಯಲಿದೆ ಅಂತ, ಆ ಬಯಲಿನಲ್ಲಿ ಬದುಕುವ ಜೀವಗಳಿವೆ ಅಂತ.

ತಿಂದಾಯ ಅನ್ನುವ ಊರಿನ ಹತ್ತಿರದ ಬಯಲಿಗೆ ಬೆಳಕು ಹರಿಯುವ ಮೊದಲೇ ಹೋಗಿ ಕಾದೆವು. ಕಾರನ್ನು ಮಣ್ಣುದಾರಿ ಬಿಟ್ಟು ಇಳಿಸುವ ಹಾಗಿಲ್ಲ, ನಾವೂ ಇಳಿಯಬಾರದು ಅಂತ ಅಳಿಯನ ಕಟ್ಟಪ್ಪಣೆ. ಕಾರಿಗೆ ಹೆದರದ ಹಕ್ಕಿ ಮನುಷ್ಯ ಎದ್ದು ನಿಂತರೆ ದೂರ ಓಡುತ್ತದೆಯಂತೆ. ಮಣ್ಣಿನ ಬಣ್ಣಕ್ಕೇ ಇದ್ದ ಹೂಬಾರ ಹಕ್ಕಿ ಅದು ಅಲುಗಾಡಿದ ಮೇಲಷ್ಟೇ ಕಂಡಿತು. ನಮ್ಮ ಎರೆಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಬಳಗದ್ದು, ಗಾತ್ರದಲ್ಲಿ ಬಹಳ ಚಿಕ್ಕದು. ಹೆಣ್ಣನ್ನು ಕರೆಯುವ ಕಾಲ. ಗಂಡು ಕುತ್ತಿಗೆಯ ಬಿಳಿ ಗರಿಗಳನ್ನೆಲ್ಲ ಎಬ್ಬಿಸಿ, ಅದರಲ್ಲೇ ತಲೆ ಮುಚ್ಚಿಹೋಗಿ, ದಾರಿ ಕಾಣದೆ ಅಂಕುಡೊಂಕಾಗಿ ಓಡಿತು. ಬಾಸಿಂಗ ಜಾರಿ ಕಣ್ಣಿಗೆ ಬಿದ್ದ ಮದುವೆ ಗಂಡಿನ ಹಾಗೆ! ಹೂಬಾರದ ಈ ಒಳಜಾತಿ ಕ್ಯಾನರಿ ದ್ವೀಪಗಳ ಪೂರ್ವದ ತುದಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಉಳಿದಿರುವುದು ಕೆಲವೇ ನೂರು.

ರಿಯೋ ಕಾಬ್ರಾಸ್ ಅನ್ನುವ ಒಣ ಹಳ್ಳದಲ್ಲಿ, ಎದೆ ಮೇಲೆ ಕಿತ್ತಳೆ ಬಣ್ಣದ ಮಚ್ಚೆ ಇರುವ ಪುಟ್ಟ ಹಕ್ಕಿಯೊಂದು ಸಿಕ್ಕಿತು. ಜಗತ್ತಿನಲ್ಲಿ ಆ ಹಕ್ಕಿ ಇರುವುದು ಈ ಒಂದು ದ್ವೀಪದಲ್ಲೇ. ಇನ್ನು ಚಂದ್ರಮುಕುಟವಂತೂ ನಮ್ಮ ಹಿತ್ತಲಲ್ಲಿ ಓಡಾಡುವಂತೆ ಎಲ್ಲೆಂದರಲ್ಲಿ. ಇಂಗ್ಲೆಂಡಿನವರೊಬ್ಬರು ಅದರ ಮುಂದೆ ಮೊಣಕಾಲೂರಿ ಫೋಟೊ ತೆಗೆಯುತ್ತಿದ್ದರು. ನಮ್ಮೂರಲ್ಲಿ ಅದಕ್ಕೆ ಯಾರೂ ತಿರುಗಿ ನೋಡಲ್ಲ.

ನಾನು ಕಂಬ ಹತ್ತಿ ಬದುಕಿದವನು. ಹಕ್ಕಿಗಿಂತ ಮೊದಲು ನನ್ನ ಕಣ್ಣು ಹೋಗುವುದು ತಂತಿಗೆ. ಆ ದ್ವೀಪದಲ್ಲಿ ಬಿಳಿ ರಣಹದ್ದಿನ ಒಂದು ಒಳಜಾತಿ ಇದೆ, ಅಲ್ಲಿಯವರು ಗಿರ್ರೆ ಅನ್ನುತ್ತಾರೆ. ಅವು ಅಳಿವಿನ ಅಂಚಿಗೆ ಹೋಗಲು ವಿದ್ಯುತ್ ತಂತಿ ದೊಡ್ಡ ಕಾರಣವಾಗಿತ್ತು. ಆಮೇಲೆ ತಂತಿಗಳಿಗೆ ಎದ್ದು ಕಾಣುವ ಗುರುತುಗಳನ್ನು ಕಟ್ಟಿದರು, ಅಪಾಯದ ಕಂಬಗಳನ್ನು ಸರಿಪಡಿಸಿದರು, ಹದ್ದುಗಳಿಗೆ ಆಹಾರ ಇಡುವ ಜಾಗ ಮಾಡಿದರು. ಈಗ ಅವುಗಳ ಸಂಖ್ಯೆ ಏರಿದೆ.

ತಂತಿ ಮೇಲೆ ಕೂತ ಹಕ್ಕಿ ಯಾಕೆ ಸಾಯಲ್ಲ ಅಂತ ಮಕ್ಕಳು ಕೇಳುತ್ತಾರಲ್ಲ, ಒಂದೇ ತಂತಿ ಮೇಲೆ ಕೂತರೆ ಏನೂ ಆಗಲ್ಲ. ರೆಕ್ಕೆ ಪಕ್ಕದ ತಂತಿಗೋ ಕಂಬದ ಕಬ್ಬಿಣದ ಅಡ್ಡಪಟ್ಟಿಗೋ ತಾಗಿದರೆ ಕಥೆ ಮುಗಿಯಿತು. ಸಣ್ಣ ಗುಬ್ಬಿಗೆ ಅಷ್ಟು ರೆಕ್ಕೆ ಇಲ್ಲ, ದೊಡ್ಡ ಹಕ್ಕಿಗೆ ಇದೆ. ಲೈನ್ ಟ್ರಿಪ್ ಆಯ್ತು ಅಂತ ರಾತ್ರಿ ಫೋನ್ ಬಂದು ಹೋದರೆ ಕಂಬದ ಕೆಳಗೆ ನವಿಲೋ ಬಾವಲಿಯೋ ಸುಟ್ಟ ವಾಸನೆ ಹೊಡೆಯುತ್ತ ಬಿದ್ದಿರುತ್ತಿತ್ತು. ಎರೆಲಡ್ಡುವಿನ ಕಷ್ಟ ಬೇರೆ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ, ಹಾರುವಾಗ ಎದುರಿನದು ಸರಿಯಾಗಿ ಕಾಣಲ್ಲ. ಮೈಯೂ ಭಾರ. ತಂತಿ ಕಾಣುವ ಹೊತ್ತಿಗೆ ತಿರುಗಲು ಆಗುವುದಿಲ್ಲ. ರಾಜಸ್ಥಾನ, ಗುಜರಾತಿನ ತಂತಿಗಳ ವಿಚಾರ ಇದೇ ಕಾರಣಕ್ಕೆ ಸುಪ್ರೀಂ ಕೋರ್ಟಿನ ತನಕ ಹೋಗಿ 2021ರಲ್ಲಿ ಆದೇಶವಾಯಿತು, 2024ರಲ್ಲಿ ಅದು ಮತ್ತೆ ಬದಲಾಯಿತು. ದೇಶದ ಬಯಲುಗಳಲ್ಲಿ ಉಳಿದಿರುವ ಎರೆಲಡ್ಡು 150ನ್ನೂ ದಾಟುವುದಿಲ್ಲ ಅನ್ನುತ್ತಾರೆ. ರಾಣೆಬೆನ್ನೂರಿನ ಬಯಲಿನಲ್ಲೂ ಹಿಂದೆ ಇತ್ತು. ಅಲ್ಲಿ ನೀಲಗಿರಿ ತೋಪು ಎದ್ದಿತು, ಹಕ್ಕಿ ಮಾಯವಾಯಿತು.

ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಒಳ್ಳೆಯದೇ. ಆದರೆ ಮರ ನೆಡುವ ಹುಮ್ಮಸ್ಸು ಹಾಗೇ ಇದೆ. ಜೂನ್ ಬಂತೆಂದರೆ ಸಾಕು, ಸಂಘದವರು ಬ್ಯಾನರ್ ಹಿಡಿದು ಗೋಮಾಳಕ್ಕೆ ಬಂದು ಗುಂಡಿ ತೆಗೆಯುತ್ತಾರೆ. ಅವರ ಮನಸ್ಸು ಕೆಟ್ಟದ್ದಲ್ಲ, ಆದರೆ ಜಾಗ ತಪ್ಪು. ರಸ್ತೆ ಬದಿಗೆ, ಶಾಲೆ ಅಂಗಳಕ್ಕೆ, ಕೆರೆ ಏರಿ ಕೆಳಗೆ ಎಷ್ಟು ಬೇಕಾದರೂ ನೆಡಲಿ. ಹುಲ್ಲಿನ ಬಯಲಿಗೆ ಮಾತ್ರ ಬೇಡ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಸುತ್ತಲೂ ಬಯಲು ಕಾಣಬೇಕು, ಮರ ಬಂದರೆ ಅದರ ಮೇಲೆ ಕೂತು ಗೂಡು ಹುಡುಕಲು ಕಾಗೆಗೆ ಅನುಕೂಲ. ಕೃಷ್ಣಮೃಗಕ್ಕೂ ದೂರದವರೆಗೆ ನೋಟ ಬೇಕು, ಓಡಲು ಜಾಗ ಬೇಕು.

ನಮ್ಮ ತಾಲ್ಲೂಕಿನಲ್ಲಿ ಬಾಸೂರು ಅಮೃತ್ ಮಹಲ್ ಕಾವಲು ಇದೆ. ಮೈಸೂರು ಅರಸರ ಕಾಲದಿಂದ ದನಗಳಿಗೆ ಅಂತ ಕಾಯ್ದಿಟ್ಟ ಹುಲ್ಲು. ಹೈದರ್, ಟಿಪ್ಪು ಫಿರಂಗಿ ಎಳೆಸಿದ್ದು ಈ ಅಮೃತ್ ಮಹಲ್ ತಳಿಯ ಎತ್ತುಗಳಿಂದಲೇ. ಹಾಸನ, ತುಮಕೂರು, ಚಿತ್ರದುರ್ಗದಲ್ಲೂ ಇಂಥ ಕಾವಲುಗಳು ಎಷ್ಟೋ ಇದ್ದವು, ಎಷ್ಟೋ ಕರಗಿಹೋದವು. ಬಾಸೂರನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಜಿಲ್ಲೆಯ ಎಷ್ಟು ಜನಕ್ಕೆ ಇದು ಗೊತ್ತು?

ಅಲ್ಲಿ ನಿಂತು ನೆಲಗುಬ್ಬಿಯ ಆಟ ನೋಡಬೇಕು. ಗಂಡು ನೆಟ್ಟಗೆ ಮೇಲೆ ಹಾರುತ್ತದೆ. ರೆಕ್ಕೆ ಮಡಚಿ ಸಿಳ್ಳೆ ಹಾಕುತ್ತ ಕೆಳಕ್ಕೆ ಬೀಳುತ್ತದೆ, ಮತ್ತೆ ಏರುತ್ತದೆ. ಗೂಡು ಇರುವುದು ಹೆಂಟೆ ಮರೆಯಲ್ಲಿ, ಕಾಲಿಟ್ಟರೂ ಕಾಣದ ಹಾಗೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸೆಳೆವ (ಹ್ಯಾರಿಯರ್) ಅನ್ನುವ ಹದ್ದುಗಳು ನಮ್ಮ ಬಯಲುಗಳಿಗೆ ಬರುತ್ತವೆ. ಹಗಲೆಲ್ಲ ಮಿಡತೆ ಹಿಡಿದು ತಿಂದು, ಕತ್ತಲಾಗುವಾಗ ಗುಂಪಾಗಿ ಹುಲ್ಲಿನೊಳಗೇ ಇಳಿದು ಮಲಗುತ್ತವೆ. ಮರದ ಮೇಲಲ್ಲ, ನೆಲದ ಮೇಲೆ. ಹುಲ್ಲಿಗೆ ಬೆಂಕಿ ಹಾಕಿದರೆ, ಗುಂಡಿ ತೋಡಿದರೆ ಅವಕ್ಕೆ ಮಲಗುವ ಜಾಗವೂ ಇಲ್ಲ.

ಹಾಗಂತ ಇದನ್ನು ಓದಿದ ಕೂಡಲೇ ಜೀಪು ತಂದು ಕಾವಲಿನೊಳಗೆ ಓಡಿಸುವವರು ದಯವಿಟ್ಟು ಮನೆಯಲ್ಲೇ ಇರಿ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ದಾರಿ ಬಿಡದೆ, ಬೈನಾಕ್ಯುಲರ್ ಹಿಡಿದು ಬರುವವರು ಬರಲಿ. ಬಂದವರಿಗೆ ದಾರಿ ತೋರಿಸುವ ಕೆಲಸ ಸುತ್ತಲಿನ ಹಳ್ಳಿಯ ಹುಡುಗರಿಗೇ ಸಿಗಲಿ. ದನ ಕಾಯುವವನಿಗೆ ಗೊತ್ತಿರುವಷ್ಟು ಆ ನೆಲ ಬೆಂಗಳೂರಿನಿಂದ ಬಂದವರಿಗೆ ಗೊತ್ತಿರುವುದಿಲ್ಲ, ಅಲ್ವಾ?

ನಿಮ್ಮ ಮುಂದಿನ ಪ್ರವಾಸ ಪುರವಣಿಯಲ್ಲಿ ಗಿರಿಗಳ ಜೊತೆ ಈ ಬಯಲಿಗೂ ಅರ್ಧ ಪುಟ ಕೊಡಿ. ಕಾವಲಿನ ಅಂಚಿನಲ್ಲಿ ಹಾದುಹೋಗುವ ತಂತಿಗಳಿಗೆ ಗುರುತಿನ ಸುರುಳಿ ಕಟ್ಟಿಸಿ ಅಂತ ಸಂಬಂಧಪಟ್ಟವರಿಗೆ ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಕಂಬದಿಂದ ಕಂಬಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಲು ಆಳಿಲ್ಲ ಅಂದರೆ ನಾನಿದ್ದೇನೆ. ಮಂಡಿ ನೋವಿದೆ, ಹತ್ತಲು ಆಗಲ್ಲ. ಕೆಳಗೆ ನಡೆದು ಎಣಿಸಿಕೊಡುತ್ತೇನೆ, ಬಿಟ್ಟಿಯಾಗಿ.

ಇಂತಿ,
ನಿವೃತ್ತ ಲೈನ್‌ಮನ್,
ಕಡೂರು